ನೀರು ಸರಿದಾಗ ಬೋನಾಳ

ಬೋನಾಳ ಪಕ್ಷಿಧಾಮಕ್ಕೆ ಯಾವಾಗ ಹೋಗಬೇಕು ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ ಸಿಗುತ್ತದೆ: ನವೆಂಬರ್‌ನಿಂದ ಫೆಬ್ರುವರಿ. ತುಂಬಿದ ಕೆರೆ, ವಲಸೆ ಹಕ್ಕಿಗಳ ಹಿಂಡು, ಹಿತವಾದ ಬಿಸಿಲು. ಉತ್ತರ ತಪ್ಪೇನಲ್ಲ. ಆದರೆ ಅದನ್ನೇ ನಂಬಿಕೊಂಡು ಶಿವರಾತ್ರಿ ಮುಗಿಯುತ್ತಿದ್ದಂತೆ ಸುರಪುರ, ಶಹಾಪುರ, ಯಾದಗಿರಿಯ ಹಕ್ಕಿಪ್ರಿಯರು ಬೈನಾಕ್ಯುಲರನ್ನು ಕಪಾಟಿನಲ್ಲಿ ಇಟ್ಟುಬಿಡುತ್ತಾರೆ. ಈ ಸೀಮೆಯ ಕೆರೆಗಳನ್ನು ನೋಡಲೇಬೇಕಾದ ಹೊತ್ತು ಆಗಲೇ ಶುರುವಾಗುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹೋಳಿ ಹುಣ್ಣಿಮೆಯ ಆಸುಪಾಸಿನಿಂದ ಯುಗಾದಿ ಕಳೆದು ಎರಡು ಮೂರು ವಾರಗಳವರೆಗೆ, ಬೆಳಗಿನ ಎರಡು ತಾಸು ಬಿಡುವು ಮಾಡಿಕೊಂಡವರಿಗೆ ಈ ಕೆರೆಗಳು ತೋರಿಸುವಷ್ಟನ್ನು ತುಂಬಿದ ಚಳಿಗಾಲದಲ್ಲೂ ತೋರಿಸುವುದಿಲ್ಲ.

ಬೋನಾಳ ಇರುವುದು ಸುರಪುರದಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದಲ್ಲಿ. ರಂಗನತಿಟ್ಟಿನ ನಂತರ ರಾಜ್ಯದ ಎರಡನೇ ದೊಡ್ಡ ಪಕ್ಷಿಧಾಮ ಎಂದು ಅದನ್ನು ಪರಿಚಯಿಸುವುದುಂಟು. ಕೆರೆಯ ಹರವು ಆರೇಳು ನೂರು ಎಕರೆ. ಹದಿನೇಳನೆಯ ಶತಮಾನದಲ್ಲಿ ಸುರಪುರದ ದೊರೆ ಪಾಮನಾಯಕ ಕಟ್ಟಿಸಿದ ಕೆರೆ ಇದು. ಔರಂಗಜೇಬನ ಕೊನೆಯ ಮುತ್ತಿಗೆ ನಡೆದದ್ದೂ ಇದೇ ನೆಲದಲ್ಲಿ, 1705ರಲ್ಲಿ, ವಾಗಿನಗೇರಾ ಕೋಟೆಯ ಮೇಲೆ. ಅಂಥ ಯುದ್ಧಗಳ ನಡುವೆ ಬದುಕಿದ ಬೇಡ ನಾಯಕರ ಮನೆತನಕ್ಕೆ ಕೆರೆ ಕಟ್ಟಿಸುವ ವ್ಯವಧಾನವೂ ಇತ್ತು ಎಂಬುದನ್ನು ನಾವು ಸಾಕಷ್ಟು ನೆನೆಯುವುದಿಲ್ಲ. ಮುಂದೆ 1841ರಿಂದ 1853ರವರೆಗೆ ಸುರಪುರದ ಆಡಳಿತ ನೋಡಿಕೊಂಡ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಈ ಕೆರೆಯನ್ನು ಅಭಿವೃದ್ಧಿಪಡಿಸಿದ. ಸುರಪುರದ ಗುಡ್ಡದ ಮೇಲಿನ ಅವನ ಮನೆ ‘ಟೇಲರ್ ಮಂಜಿಲ್’ ಇಂದಿಗೂ ಉಂಟು. ನಾಯಕನಾಗಲಿ ಟೇಲರನಾಗಲಿ ಹಕ್ಕಿಗಳಿಗಾಗಿ ಈ ಕೆಲಸ ಮಾಡಿದವರಲ್ಲ, ಅವರ ಕಣ್ಣಿದ್ದದ್ದು ಹೊಲಗಳ ಮೇಲೆ. ಆದರೆ ಹಳಬರು ಕಟ್ಟಿದ ಕೆರೆಗೆ ಒಂದು ಗುಣವಿರುತ್ತದೆ. ಒಂದು ಕಡೆ ಎತ್ತರದ ಏರಿ, ತೂಬು, ಕೋಡಿ. ಎದುರಿನ ಕಡೆ ನೆಲ ತಾನಿದ್ದ ಇಳಿಜಾರಿನಲ್ಲೇ ಮೆಲ್ಲಗೆ ನೀರಿನೊಳಗೆ ಇಳಿಯುತ್ತ ಹೋಗುತ್ತದೆ. ನಾನು ಇಲ್ಲಿ ಹೇಳುವುದೆಲ್ಲ ಆ ಎದುರಿನ ಬದಿಯ ಕಥೆ.

ಮೊದಲು ಹೊರಡುವವರ ಮಾತು. ಬೋನಾಳಕ್ಕೂ ಯಾದಗಿರಿ ಜಿಲ್ಲೆಯ ಇತರ ಕೆರೆಗಳಿಗೂ ಬರುವ ಅತಿಥಿಗಳಲ್ಲಿ ಹೆಸರಾದದ್ದು ಪಟ್ಟೆತಲೆ ಹೆಬ್ಬಾತು. ಬಿಳಿ ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು, ಬೂದು ಮೈ. ದೀಪಾವಳಿ ಕಳೆದ ಮೇಲೆ ಬರತೊಡಗುತ್ತವೆ. ಎಳ್ಳಮಾಸೆಗೆ ಹೊಲದಲ್ಲಿ ಚರಗ ಚೆಲ್ಲುವ ಹೊತ್ತಿಗೆ ಹಿಂಡು ಕಟ್ಟಿರುತ್ತವೆ. ಹಗಲು ಕೆರೆಯ ನಡುವೆ ವಿಶ್ರಾಂತಿ, ಸಂಜೆಯಾದರೆ ಕಡಲೆ, ಶೇಂಗಾ ಹೊಲಗಳ ಕಡೆ ಸಾಲುಗಟ್ಟಿ ಹಾರಾಟ, ನಸುಕಿಗೆ ಮತ್ತೆ ಕೆರೆಗೆ. ಶಿವರಾತ್ರಿಯಿಂದಾಚೆ ಹಿಂಡು ಕರಗತೊಡಗಿ, ಯುಗಾದಿ ಹೊತ್ತಿಗೆ ಒಂದೆರಡು ಉಳಿದರೆ ಹೆಚ್ಚು.

ಅವು ಹೋಗುವ ದಾರಿ ಹಿಮಾಲಯದ ಮೇಲಿನದು. ಮರಿ ಮಾಡುವುದು ಟಿಬೆಟ್, ಮಂಗೋಲಿಯಾ, ಮಧ್ಯ ಏಷ್ಯಾದ ಎತ್ತರದ ಸರೋವರಗಳ ದಂಡೆಯಲ್ಲಿ. ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಆದ್ದರಿಂದ ಇದು ಊಹೆಯ ಮಾತಲ್ಲ. ಉಪಗ್ರಹದ ನೆರವಿನಿಂದ ಇವುಗಳ ಹಾರಾಟವನ್ನು ಹಿಂಬಾಲಿಸಿದ ವಿಜ್ಞಾನಿಗಳಿಗೆ ದಾಖಲಾದ ಅತಿ ಹೆಚ್ಚಿನ ಎತ್ತರ 7,290 ಮೀಟರ್. ಅಷ್ಟು ಮೇಲೆ ಗಾಳಿಯಲ್ಲಿ ಆಮ್ಲಜನಕ ಸಮುದ್ರಮಟ್ಟದ ಅರ್ಧಕ್ಕಿಂತ ಕಡಿಮೆ. ಈ ಹಕ್ಕಿಯ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬೇರೆ ಬಾತುಗಳದ್ದಕ್ಕಿಂತ ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಶ್ವಾಸಕೋಶವೂ ದೊಡ್ಡದು. ಆದರೂ ಅದು ಸುಮ್ಮನೆ ಮೇಲಕ್ಕೇರಿ ಹಾರುವುದಿಲ್ಲ. ಕಣಿವೆ, ಕಣಿವೆಯ ಮೇಲಿನ ದಾಟು, ಹೀಗೆ ನೆಲದ ಏರಿಳಿತಕ್ಕೆ ತಕ್ಕಂತೆ ಏರಿಳಿಯುತ್ತ, ಗಾಳಿ ತಂಪಾಗಿ ದಟ್ಟವಾಗಿರುವ ರಾತ್ರಿ ಮತ್ತು ನಸುಕನ್ನು ಹೆಚ್ಚಾಗಿ ಆರಿಸಿಕೊಳ್ಳುತ್ತದೆ. ಇಷ್ಟಕ್ಕೆಲ್ಲ ಬೇಕಾದ ಕೊಬ್ಬನ್ನು ಅದು ಕೂಡಿಸಿಕೊಳ್ಳುವುದು ನಮ್ಮ ಎರಿ ಹೊಲಗಳಲ್ಲಿ. ಹೊಲದಲ್ಲಿ ಹೆಬ್ಬಾತು ಇಳಿದರೆ ರೈತನಿಗೆ ಬೇಸರ ಆಗುವುದು ಸಹಜ. ಅದನ್ನು ನಾನು ಹಗುರಾಗಿ ನೋಡುವುದಿಲ್ಲ. ಆದರೆ ಆ ಹಸಿರು ಮೇವು ಎಲ್ಲಿಯವರೆಗೆ ಹೋಗುತ್ತದೆ ಎಂಬುದು ಗೊತ್ತಾದರೆ ಹೊಲದ ಯಜಮಾನನೂ ಒಂದು ಗಳಿಗೆ ತಲೆಯೆತ್ತಿ ನೋಡುತ್ತಾನೆ. ಅದನ್ನು ಕಂಡೇ ಹೇಳುತ್ತಿದ್ದೇನೆ.

ಹೆಬ್ಬಾತು ಹೋಯಿತು, ಇನ್ನೇನಿದೆ ಎನ್ನುವವರಿಗೆ ಕೆರೆಯಂಗಳದಲ್ಲಿ ಕುರಿ ಮೇಯಿಸುವ ಹಿರಿಯರೊಬ್ಬರ ಮಾತು ಹೇಳುತ್ತೇನೆ. “ಕೆರಿ ತುಂಬಿದಾಗ ಹಕ್ಕಿ ಕಮ್ಮಿರಿ. ನೀರು ಸರದು ರಾಡಿ ಬಿತ್ತಂದ್ರ ಬರ್ತಾವ ನೋಡ್ರಿ, ಎಲ್ಲಿದ್ವೋ ಏನೋ!” ಪಕ್ಷಿಶಾಸ್ತ್ರದ ಪುಸ್ತಕಗಳು ಹಲವು ಪುಟಗಳಲ್ಲಿ ಹೇಳುವುದನ್ನು ಅವರು ಎರಡು ವಾಕ್ಯದಲ್ಲಿ ಮುಗಿಸಿದ್ದರು. ತುಂಬಿದ ಕೆರೆ ನಮ್ಮ ಕಣ್ಣಿಗೆ ಚೆಂದ. ಆದರೆ ಆಳ ನೀರಿನಲ್ಲಿ ಬದುಕುವ ಹಕ್ಕಿಗಳು ಕೆಲವೇ: ಮುಳುಗಿ ಮೀನು ಹಿಡಿಯುವ ನೀರುಕಾಗೆ, ಹಾವಕ್ಕಿ, ಗುಳುಮುಳುಕ, ಈಜುವ ನಾಮದಕೋಳಿ, ಕೆಲ ಬಾತುಗಳು. ಉಳಿದವರಿಗೆ ಬೇಕಾದದ್ದು ಕಾಲು ಊರಲು ನೆಲ. ಫೆಬ್ರುವರಿಯಿಂದ ಬಿಸಿಲು ಏರಿದಂತೆ, ತೂಬಿನಿಂದ ನೀರು ಹೋದಂತೆ ಕೆರೆ ದಿನಕ್ಕೆ ಇಷ್ಟಿಷ್ಟೇ ಹಿಂದೆ ಸರಿಯುತ್ತದೆ. ಸರಿದಲ್ಲೆಲ್ಲ ಹೊಸ ಕೆಸರು ತೆರೆದುಕೊಳ್ಳುತ್ತದೆ. ಅದರ ತುಂಬ ಸೊಳ್ಳೆಯಂಥ ಕೀಟಗಳ ಕೆಂಪು ಹುಳು, ಬಸವನಹುಳು, ಎರೆಹುಳು. ತಗ್ಗುಗಳಲ್ಲಿ ಸಿಕ್ಕಿಕೊಂಡ ಮೀನಿನ ಮರಿಗಳು. ಆಹಾರ ಹೆಚ್ಚಾಯಿತು ಎನ್ನುವುದಕ್ಕಿಂತ, ಇದ್ದ ಆಹಾರ ಕೊಕ್ಕಿಗೆ ಎಟುಕುವಂತಾಯಿತು ಎನ್ನಬೇಕು. ನೀರು ಸರಿಯುವ ತನಕ ಪ್ರತಿದಿನವೂ ಹೊಸ ತಾಟು.

ಅಲ್ಲಿ ಒಂದು ಕಡೆ ಸುಮ್ಮನೆ ಕುಳಿತು ದಂಡೆಯಿಂದ ಒಳಕ್ಕೆ ಕಣ್ಣು ಹಾಯಿಸಿದರೆ ಹಕ್ಕಿಗಳು ತಮ್ಮ ಕಾಲಿನ ಉದ್ದಕ್ಕೆ ತಕ್ಕಂತೆ ಜಾಗ ಹಂಚಿಕೊಂಡದ್ದು ಕಾಣುತ್ತದೆ. ಒಣಗುತ್ತಿರುವ ಕೆಸರಿನ ಮೇಲೆ ಓಡುವುದು, ಗಕ್ಕನೆ ನಿಲ್ಲುವುದು, ಕುಕ್ಕುವುದು ಪ್ಲವರ್‌ಗಳ ಕೆಲಸ. ಅವುಗಳ ಕೊಕ್ಕು ಗಿಡ್ಡ. ಕಣ್ಣಿಗೆ ಕಂಡದ್ದನ್ನು ಹಿಡಿಯುತ್ತವೆ. ನೀರಿನ ಅಂಚಿನಲ್ಲೇ ಗುಬ್ಬಿಯಷ್ಟೇ ಗಾತ್ರದ ಸ್ಟಿಂಟ್‌ಗಳು ಹೊಲಿಗೆ ಯಂತ್ರದ ಸೂಜಿಯಂತೆ ಕೊಕ್ಕು ಚುಚ್ಚುತ್ತ ಸಾಗುತ್ತವೆ. ಅಲ್ಲಿಂದ ಎರಡು ಬೆರಳು ಆಳದಲ್ಲಿ ಗದ್ದೆಗೊರವ. ಇನ್ನೂ ಒಳಗೆ, ಗುಲಾಬಿ ಕಾಲಿನ ಮೆಟ್ಟುಗಾಲು ಹಕ್ಕಿ ಮತ್ತು ನೇರ ಉದ್ದ ಕೊಕ್ಕನ್ನು ಬುಡದವರೆಗೆ ಕೆಸರಿಗಿಳಿಸುವ ಗಾಡ್ವಿಟ್. ಅದರಾಚೆ ಬಿಳಿ ಕೆಂಬರಲು, ಕೊಕ್ಕನ್ನು ಅರೆ ತೆರೆದು ನೀರಿನಲ್ಲಿ ಎಡಕ್ಕೂ ಬಲಕ್ಕೂ ಬೀಸುತ್ತ ನಡೆಯುವ ಚಮಚಕೊಕ್ಕು, ಬಣ್ಣದ ಕೊಕ್ಕರೆ. ಆಪಿನ ಮರೆಯಲ್ಲಿ ಕೆನ್ನೀಲಿ ಬಕ. ಕೆರೆಯಂಗಳದ ಇಳಿಜಾರು ಮೆಲ್ಲಗಿದ್ದರಷ್ಟೇ ಇಷ್ಟು ಬಗೆಯ ಹಕ್ಕಿಗಳಿಗೆ ಒಂದೇ ಕಡೆ ಜಾಗ ಸಿಗುತ್ತದೆ. ಇಳಿಜಾರು ಕಡಿದಾದರೆ ಒಂದಡಿಯಿಂದ ಆರಡಿಗೆ ನೀರು ಒಮ್ಮೆಲೇ ಇಳಿಯುತ್ತದೆ. ಇವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಅಲ್ಲಿ ಕೆಲಸವೇ ಇಲ್ಲ.

ಈ ಗೊರವಗಳಲ್ಲಿ ಹೆಚ್ಚಿನವು ಸೈಬೀರಿಯಾದ ಕಡೆ ಹೊರಟು ನಿಂತವು. ದಾರಿಯ ಬುತ್ತಿ ಎಂದರೆ ಮೈಯ ಕೊಬ್ಬು. ಅದನ್ನು ಕೆಲವೇ ವಾರಗಳಲ್ಲಿ ಕಟ್ಟಿಕೊಳ್ಳಬೇಕು. ಆದ್ದರಿಂದ ಮಾರ್ಚ್ ಕೊನೆಯಲ್ಲಿ ಅವು ತಿನ್ನುವ ಆತುರವೇ ಬೇರೆ. ಆಗ ನಾಯಿಗಳನ್ನು ಛೂ ಬಿಡುವುದು, ಫೋಟೊಕ್ಕಾಗಿ ಹಿಂಡನ್ನು ಎಬ್ಬಿಸಿ ಹಾರಿಸುವುದು ಮಾಡಬಾರದು ಎಂದು ಹೇಳುವುದಕ್ಕೆ ಇದೇ ಕಾರಣ. ಒಂದೊಂದು ಹಾರಾಟಕ್ಕೂ ಅವು ಅಂದಿನ ಗಳಿಕೆಯಲ್ಲೇ ಬೆಲೆ ತೆರುತ್ತವೆ. ಬಾತುಗಳಲ್ಲಿ ಸೂಜಿಬಾಲದವು ಬೇಗ ಹೋಗುತ್ತವೆ, ಬಿಳಿಹುಬ್ಬಿನ ಬಾತು ಏಪ್ರಿಲ್‌ವರೆಗೂ ತಡೆಯುತ್ತದೆ. ಕೊನೆಯ ಬಾತು ಯಾವುದೆಂದು ಪಂದ್ಯ ಕಟ್ಟುವುದಾದರೆ ನಾನು ಅದರ ಮೇಲೇ ಕಟ್ಟುತ್ತೇನೆ.

ವಸಂತ ಹಕ್ಕಿಗಳ ಮೈಮೇಲೂ ಇಳಿಯುತ್ತದೆ. ಚಳಿಗಾಲವಿಡೀ ಬೂದು ಮೈಯಲ್ಲಿದ್ದ ಗಾಡ್ವಿಟ್‌ನ ಎದೆಗೆ ಇಟ್ಟಿಗೆಗೆಂಪು ಏರುತ್ತದೆ. ಹಳದಿ ಸಿಪಿಲೆಗಳು ನಿಜಕ್ಕೂ ಹಳದಿಯಾಗುವುದು ಹೊರಡುವ ಮುಂಚಿನ ವಾರಗಳಲ್ಲಿ. ಆದರೆ ಇದನ್ನು ನೋಡಲು ಅಪರೂಪದ ಹಕ್ಕಿಯನ್ನೇ ಹುಡುಕಬೇಕಿಲ್ಲ. ಯಾದಗಿರಿಯ ಯಾವ ಹಳ್ಳದ ಬದಿಯಲ್ಲೂ ಕಾಣುವ ಕೊಳದ ಬಕವನ್ನೇ ನೋಡಿ. ಜನವರಿಯಲ್ಲಿ ಅದು ಕಲ್ಲಿನ ಪಕ್ಕ ಕೂತರೆ ಕಲ್ಲು ಯಾವುದು ಹಕ್ಕಿ ಯಾವುದು ತಿಳಿಯದು. ಮೈತುಂಬ ಮಣ್ಣುಬಣ್ಣದ ಗೀರು. ಏಪ್ರಿಲ್‌ನಲ್ಲಿ ಅದೇ ಹಕ್ಕಿಯ ಬೆನ್ನಿನ ಮೇಲೆ ಕಡುಗೆಂಪು ಗರಿಗಳು ಕೂದಲಿನ ಎಳೆಗಳಂತೆ ಇಳಿಬಿದ್ದಿರುತ್ತವೆ. ಕುತ್ತಿಗೆ ಹೊಂಬಣ್ಣಕ್ಕೆ ತಿರುಗುತ್ತದೆ. ಕಾಲಿಗೂ ರಂಗು ಏರಬಹುದು. ಹಾರಿದರೆ ರೆಕ್ಕೆ ಎಂದಿನಂತೆ ಹಾಲುಬಿಳುಪು. ಹೀಗೆ ಒಂದೇ ಹಕ್ಕಿಯನ್ನು ವಾರಕ್ಕೊಮ್ಮೆ ನೋಡುತ್ತ ಹೋಗುವುದು ಹಕ್ಕಿ ನೋಡಲು ಕಲಿಯುವ ಉತ್ತಮ ದಾರಿ. ಮಕ್ಕಳಿಗೆ ಕಲಿಸುವವರಿಗೂ ನಾನು ಇದನ್ನೇ ಹೇಳುವುದು: ನೂರು ಹೆಸರು ಬಾಯಿಪಾಠ ಮಾಡಿಸುವ ಬದಲು ಒಂದು ಬಕದ ಮೂರು ತಿಂಗಳು ತೋರಿಸಿ.

ಇನ್ನು ಹೋಗದೆ ಇಲ್ಲೇ ಉಳಿಯುವವರದ್ದು. ಅತಿಥಿಗಳು ಜಾಗ ಖಾಲಿ ಮಾಡುವ ಹೊತ್ತಿಗೆ ಇವರ ಸಂಸಾರ ಶುರು. ಕೆಂಪು ಟಿಟ್ಟಿಭ ಮಾರ್ಚ್‌ನಿಂದಲೇ ಮೊಟ್ಟೆ ಇಡುತ್ತದೆ, ಅದೂ ಬಟಾಬಯಲಲ್ಲಿ. ಗೂಡು ಎನ್ನುವುದಕ್ಕೆ ಏನೂ ಇಲ್ಲ: ಒಂದಂಗುಲದ ತಗ್ಗು, ಸುತ್ತ ಒಂದಿಷ್ಟು ಸಣ್ಣ ಕಲ್ಲು, ಒಣಗಿದ ಆಡಿನ ಹಿಕ್ಕೆ. ಅದರಲ್ಲಿ ನಾಲ್ಕು ಮೊಟ್ಟೆ, ಚೂಪು ತುದಿಗಳು ಒಳಮುಖವಾಗಿ ಕೂಡಿಕೊಂಡು ಹೂವಿನ ಎಸಳಿನ ಹಾಗೆ ಜೋಡಿಸಿರುತ್ತವೆ. ಮಣ್ಣಿನ ಬಣ್ಣ, ಅದರ ಮೇಲೆ ಕಪ್ಪು ಮಚ್ಚೆ. ಒಂದು ಗೇಣು ದೂರದಿಂದಲೂ ಕಣ್ಣಿಗೆ ಬೀಳದೆ ತುಳಿದುಬಿಡುವಷ್ಟು ನೆಲಕ್ಕೆ ಹೊಂದಿಕೊಂಡಿರುತ್ತವೆ. ಕಾವು ಕೊಡುವುದು ನಾಲ್ಕು ವಾರ. ಆದರೆ ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಈ ನೆಲದಲ್ಲಿ ಕಾವಿನ ಕೊರತೆ ಎಲ್ಲಿಯದು? ಮೊಟ್ಟೆ ಬೇಯದಂತೆ ಕಾಯುವುದೇ ಕಷ್ಟ. ನಡು ಹಗಲಲ್ಲಿ ತಾಯಿಯೋ ತಂದೆಯೋ ಕೆರೆಗೆ ಹೋಗಿ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ಅದ್ದಿಕೊಂಡು ಬಂದು, ಮೊಟ್ಟೆಗಳ ಮೇಲೆ ಕುಳಿತು ತಂಪು ಮಾಡುತ್ತದೆ. ಒಂದು ಹೋದಾಗ ಇನ್ನೊಂದು ನೆರಳಾಗಿ ನಿಂತಿರುತ್ತದೆ. ಕುರಿ ಹಿಂಡು ಹತ್ತಿರ ಬಂದರೆ ರೆಕ್ಕೆ ಅಗಲಿಸಿ, ಕಿರುಚಾಡಿ, ಹಿಂಡನ್ನೇ ಪಕ್ಕಕ್ಕೆ ತಿರುಗಿಸಲು ನೋಡುತ್ತದೆ. ಮರಿಗಳು ಮೊಟ್ಟೆಯೊಡೆದ ದಿನವೇ ನಡೆಯುತ್ತವೆ. ಗೂಡಿಗೂ ನೀರಿಗೂ ನಡುವಿನ ದೂರ ಹೆಚ್ಚಾದಷ್ಟೂ ಈ ಸಂಸಾರ ನಡೆಯುವುದು ಕಷ್ಟ ಎಂಬುದು ಇದರಿಂದ ತಿಳಿಯುತ್ತದೆ. ಬೇಸಿಗೆಯ ಕೆರೆಯಲ್ಲಿ ಉಳಿಯುವ ಒಂದು ಮೊಳ ನೀರೂ ಲೆಕ್ಕಕ್ಕೆ ಬರುತ್ತದೆ.

ಮೆಟ್ಟುಗಾಲು ಹಕ್ಕಿಯದೂ ಏಪ್ರಿಲ್‌ನಿಂದ ಹೆಚ್ಚು ಕಡಿಮೆ ಇದೇ ಬಗೆಯ ಬಾಳು. ಕೃಷ್ಣೆ, ಭೀಮೆಯ ಮರಳುದಿಬ್ಬಗಳಲ್ಲಿ ಹೊಳೆ ರೀವ ಮತ್ತು ಕಿರು ಚಿಟವಗಳು ಇದೇ ತಿಂಗಳುಗಳಲ್ಲಿ ಮರಳಿನ ಮೇಲೆ ಮೊಟ್ಟೆ ಇಡುತ್ತವೆ. ಮರಳು ತೆಗೆಯುವ ಟ್ರ್ಯಾಕ್ಟರು ಮತ್ತು ಅಣೆಕಟ್ಟೆಯಿಂದ ಒಮ್ಮೆಲೇ ಬಿಡುವ ನೀರು, ಎರಡೂ ಅವಕ್ಕೆ ಗಂಡಾಂತರ. ಅದು ಬೇರೆಯೇ ಒಂದು ಲೇಖನಕ್ಕೆ ಆಗುವ ವಿಷಯ.

ಕಾಲುವೆಯ ವಿಚಾರ ಬಿಟ್ಟು ಈ ಸೀಮೆಯ ಹಕ್ಕಿಗಳ ಮಾತು ಆಡಲಾಗದು. ನಾರಾಯಣಪುರದ ಬಸವಸಾಗರ 1982ರಲ್ಲಿ ಪೂರ್ಣಗೊಂಡು ಎಡದಂಡೆ ಕಾಲುವೆ ಸುರಪುರ, ಶಹಾಪುರದ ಹೊಲಗಳಿಗೆ ಬಂತು. ಯೋಜನೆಯ ಕಾಗದದಲ್ಲಿದ್ದದ್ದು ಕಡಿಮೆ ನೀರಿನ ಬೆಳೆಗಳು, ಹೊಲಕ್ಕೆ ಬಂದದ್ದು ಭತ್ತ. ಜೋಳ, ಹತ್ತಿ ಕಾಣುತ್ತಿದ್ದ ಕಡೆ ವರ್ಷದ ಬಹುಭಾಗ ನೀರು ನಿಂತ ಗದ್ದೆ. ಗದ್ದೆಯ ಬಸವನಹುಳುವಿಗೆ ಬಾಯ್ಕಳಕ ಕೊಕ್ಕರೆ ಬರುತ್ತದೆ. ಅದರ ಎರಡು ಕೊಕ್ಕುಗಳ ನಡುವೆ ಒಂದು ಸಂದು ಇರುತ್ತದೆ, ಮರಿಯಾಗಿದ್ದಾಗ ಅದು ಇರುವುದಿಲ್ಲ. ಕೊಕ್ಕಿನ ಚೂಪಾದ ತುದಿಯಿಂದ ಚಿಪ್ಪಿನೊಳಗಿನ ಸ್ನಾಯುವನ್ನು ಕತ್ತರಿಸಿ, ಚಿಪ್ಪನ್ನು ಒಡೆಯದೆಯೇ ಹುಳುವನ್ನು ಎಳೆದುಕೊಳ್ಳುತ್ತದೆ. ಗದ್ದೆಬದುವಿನಲ್ಲಿ ಬಿದ್ದಿರುವ ಖಾಲಿ ಚಿಪ್ಪುಗಳೇ ಅದರ ಗುರುತು. ಬೇಸಿಗೆ ಬೆಳೆಗೆ ಚಾಲು ಬಂದ್ ಪದ್ಧತಿಯಲ್ಲಿ ನೀರು ಬಿಡುವಷ್ಟು ದಿನ ಗದ್ದೆ, ಕೆರೆ ಎರಡರ ನಡುವೆ ಹಕ್ಕಿಗಳ ಓಡಾಟ ನಡೆದೇ ಇರುತ್ತದೆ. ಕಾಲುವೆ ಬಂದ್ ಆದ ದಿನದಿಂದ ಎಲ್ಲ ಭಾರವೂ ಕೆರೆಯ ಮೇಲೆ. ನೀರಾವರಿ ಸಲಹಾ ಸಮಿತಿಯ ತೀರ್ಮಾನ ರೈತನ ಬೆಳೆಗೆ ಎಷ್ಟು ಮುಖ್ಯವೋ ಹಕ್ಕಿಗಳ ಏಪ್ರಿಲ್ ತಿಂಗಳಿಗೂ ಅಷ್ಟೇ ಮುಖ್ಯ. ಆ ಸಭೆಯಲ್ಲಿ ಅವುಗಳ ಪರವಾಗಿ ಮಾತಾಡುವವರು ಯಾರೂ ಕೂತಿರುವುದಿಲ್ಲ.

ಬೋನಾಳಕ್ಕೆ ಹೋಗಲಾಗದವರು ಊರ ಹತ್ತಿರದ ಕೆರೆಗಳನ್ನೇ ನೋಡಬಹುದು. ಶಹಾಪುರಕ್ಕೆ ಮಲಗಿದ ಬುದ್ಧನಂತೆ ಕಾಣುವ ಗುಡ್ಡದ ಬುಡದಲ್ಲೇ ನೀರಿದೆ. ಗುಡ್ಡದ ಬಂಡೆಗಳ ಸಂದಿಯಲ್ಲಿ ಸಂಜೆ ಗುಮ್ಮನ ದನಿಗೆ ಕಿವಿಗೊಡಬಹುದು. ಯಾದಗಿರಿಯಲ್ಲಿ ಕೋಟೆಯ ಕೆಳಗಿನ ಊರಕೆರೆಗಳಿವೆ, ಹತ್ತಿರದಲ್ಲೇ ಹತ್ತಿಕುಣಿ ಜಲಾಶಯವಿದೆ. ಆದರೆ ಊರಕೆರೆಗಳ ಬಗ್ಗೆ ಮನಸ್ಸಿನಲ್ಲಿರುವುದನ್ನು ಹೇಳಿಯೇಬಿಡುತ್ತೇನೆ. ಕೆರೆ ಅಭಿವೃದ್ಧಿ ಎಂದರೆ ನಮ್ಮಲ್ಲಿ ಒಂದೇ ನಕ್ಷೆ: ಸುತ್ತಲೂ ಕಲ್ಲು ಕಟ್ಟಡ, ಅದರ ಮೇಲೆ ನಡೆಯುವ ದಾರಿ, ದೀಪ, ಬೆಂಚು, ಒಳಗೆ ಜೆಸಿಬಿಯಿಂದ ಆಳವಾದ ಹೊಂಡ. ನೀರು ಹೆಚ್ಚು ನಿಲ್ಲುತ್ತದೆ, ಅಂತರ್ಜಲಕ್ಕೆ ಒಳ್ಳೆಯದು, ಮುದುಕರಿಗೂ ಮಕ್ಕಳಿಗೂ ತಿರುಗಾಡಲು ಜಾಗವಾಗುತ್ತದೆ. ಇದನ್ನೆಲ್ಲ ಒಪ್ಪುತ್ತೇನೆ. ಆದರೆ ಮೆಲ್ಲಗೆ ಇಳಿಯುವ ದಂಡೆ ನಾಲ್ಕು ದಿಕ್ಕಿನಲ್ಲೂ ಗೋಡೆಯಾದ ಮೇಲೆ ಅಲ್ಲಿ ನಾಮದಕೋಳಿ, ನೀರುಕಾಗೆ ಉಳಿದಾವು. ಗೊರವ, ಮೆಟ್ಟುಗಾಲು, ಟಿಟ್ಟಿಭ ಉಳಿಯುವುದಿಲ್ಲ. ಹಿಂದೆ ಬೇಸಿಗೆಯಲ್ಲಿ ರೈತರು ಬಂಡಿಗಳಲ್ಲಿ ಕೆರೆಮಣ್ಣು ಹೊಲಕ್ಕೆ ಒಯ್ಯುತ್ತಿದ್ದರು. ಹೂಳೂ ಹೋಗುತ್ತಿತ್ತು, ಅಂಗಳದ ಇಳಿಜಾರೂ ಕೆಡುತ್ತಿರಲಿಲ್ಲ. ಈಗಿನ ಯಂತ್ರಕ್ಕೂ ಹಾಗೆ ತೆಳುವಾಗಿ ಹೆರೆದು ತೆಗೆಯಲು ಬರುತ್ತದೆ. ಅಂದಾಜು ಪಟ್ಟಿ ಬರೆಯುವ ಇಂಜಿನಿಯರು ಹಾಗೆಂದು ಬರೆಯಬೇಕಷ್ಟೆ. ಏರಿಯ ಬದಿಗೆ ಕಲ್ಲು ಕಟ್ಟಲಿ, ದಾರಿ ಮಾಡಲಿ. ನೀರು ಒಳಬರುವ ಬದಿಯನ್ನು ಇದ್ದ ಹಾಗೇ ಬಿಡಲಿ. ಆ ಬದಿಯಲ್ಲಿ ಬಳ್ಳಾರಿ ಜಾಲಿ ತುಂಬಿಕೊಂಡರೆ ಅದನ್ನು ಕಡಿಯಲಿ, ಮುಳುಗುವ ಜಾಗದ ಹಳೆಯ ಕರಿಜಾಲಿ ಮರಗಳನ್ನು ಮಾತ್ರ ಮುಟ್ಟದಿರಲಿ. ಬೆಳ್ಳಕ್ಕಿ, ಕೆಂಬರಲುಗಳಿಗೆ ಗೂಡು ಕಟ್ಟಲು ಅವು ಬೇಕು.

ಗದಗ ಜಿಲ್ಲೆಯ ಮಾಗಡಿ ಕೆರೆಯೂ ಇಂಥದ್ದೇ ಬಯಲುಸೀಮೆಯ ಕೆರೆ. ಅಲ್ಲಿಗೂ ಇದೇ ಪಟ್ಟೆತಲೆ ಹೆಬ್ಬಾತು ಬರುತ್ತದೆ. ಇರಾನಿನ ರಾಮ್ಸಾರ್ ಊರಿನಲ್ಲಿ 1971ರಲ್ಲಿ ಆದ ಜೌಗುಭೂಮಿ ಒಪ್ಪಂದದ ಪಟ್ಟಿಗೆ 2024ರ ಜನವರಿಯಲ್ಲಿ ಮಾಗಡಿ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಕರಾವಳಿಯ ಅಘನಾಶಿನಿ ಸೇರಿದವು. ಅದಕ್ಕೂ ಮುಂಚೆ, 2022ರಲ್ಲಿ, ರಂಗನತಿಟ್ಟು ಸೇರಿತ್ತು. ಬೋನಾಳದ ಹೆಸರನ್ನೂ ಅಲ್ಲಿಗೆ ಕಳಿಸಬೇಕೆಂದು ಕೇಳುವ ಹಕ್ಕು ನಮಗಿದೆ. ಆದರೆ ಕೇಳುವ ಮುಂಚೆ ಕೈಯಲ್ಲಿ ಲೆಕ್ಕ ಇರಬೇಕು. ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ನಡೆಯುತ್ತಿದೆ, ಪ್ರತಿ ಜನವರಿಯಲ್ಲಿ. ಹಿತ್ತಲ ಹಕ್ಕಿ ಎಣಿಕೆ ಫೆಬ್ರುವರಿಯಲ್ಲಿ. ಎರಡೂ ಚಳಿಗಾಲದವು. ಮೈಸೂರಿನ ಕಡೆ ದಶಕಗಳಿಂದ ಎಣಿಕೆ ಮಾಡುವ ಗುಂಪುಗಳಿವೆ. ನಮ್ಮ ಜಿಲ್ಲೆಯ ದಾಖಲೆ ಅದರ ಮುಂದೆ ತೀರ ಕಡಿಮೆ. ಮಾರ್ಚ್, ಏಪ್ರಿಲ್‌ನದಂತೂ ಇನ್ನೂ ಕಡಿಮೆ.

ಇದನ್ನು ತುಂಬಲು ಪಂಡಿತರಾಗಬೇಕಿಲ್ಲ. ಎಂಟು ಪಟ್ಟು ಹಿಗ್ಗಿಸುವ ಒಂದು ಬೈನಾಕ್ಯುಲರ್, ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’, ಕುಡಿಯಲು ನೀರು, ತಲೆಗೆ ಒಂದು ಟವೆಲ್ಲು. ಸೂರ್ಯ ಏಳುವ ಮುಂಚೆ ಕೆರೆ ಸೇರಿ ಬಿಸಿಲು ಬೆನ್ನಿಗೆ ಬೀಳುವಂತೆ ಕುಳಿತುಕೊಳ್ಳಿ. ಒಂಬತ್ತರ ಮೇಲೆ ಕೆಸರಿನಿಂದ ಝಳ ಏಳುತ್ತದೆ, ದೂರದ ಹಕ್ಕಿ ನಡುಗಿದಂತೆ ಕಾಣುತ್ತದೆ, ಗುರುತು ಹಿಡಿಯಲಾಗದು. ಕೆಸರಂಗಳದೊಳಗೆ ನಡೆಯಬೇಡಿ, ಟಿಟ್ಟಿಭ ತಲೆಯ ಮೇಲೆ ಕೂಗುತ್ತ ಸುತ್ತಿದರೆ ಬಂದ ಹೆಜ್ಜೆಯಲ್ಲೇ ಹಿಂದೆ ಬನ್ನಿ. ನೋಟ್‌ಬುಕ್ಕಿನಲ್ಲಿ ನಾಲ್ಕು ಸಂಗತಿ ಬರೆದರೆ ಸಾಕು: ತಾರೀಖು, ತೂಬಿನ ಯಾವ ಮೆಟ್ಟಿಲಿಗೆ ನೀರಿತ್ತು, ಕಂಡ ಹಕ್ಕಿ ಮತ್ತು ಸಂಖ್ಯೆ, ಹೆಬ್ಬಾತು ಮತ್ತು ಬಿಳಿಹುಬ್ಬಿನ ಬಾತು ಕೊನೆಗೆ ಕಂಡ ದಿನ. ಮೊಬೈಲಿನಲ್ಲಿ ಇ-ಬರ್ಡ್ ಇದ್ದರೆ ಅದಕ್ಕೂ ಏರಿಸಿ. ಸುರಪುರ, ಹುಣಸಗಿ, ಶಹಾಪುರದ ಶಾಲೆ ಕಾಲೇಜುಗಳ ಒಂದೊಂದು ಗುಂಪು ಒಂದೊಂದು ಕೆರೆಯನ್ನು ಹಿಡಿದುಕೊಂಡು ಹೋಳಿಯಿಂದ ಯುಗಾದಿ ದಾಟುವವರೆಗೆ ವಾರಕ್ಕೊಮ್ಮೆ ಹೀಗೆ ಬರೆದರೆ, ಮುಂದಿನ ಸಲ ಹೂಳೆತ್ತುವ ಅಂದಾಜು ಪಟ್ಟಿ ಗ್ರಾಮ ಪಂಚಾಯಿತಿಗೆ ಬಂದಾಗ ಆ ಪುಟಗಳನ್ನು ಅದರ ಪಕ್ಕಕ್ಕಿಟ್ಟು ಮಾತಾಡಬಹುದು: ಯಾವ ಬದಿಯಲ್ಲಿ ಅಗೆಯಬಹುದು, ಯಾವ ಬದಿಯನ್ನು ಬಿಡಬೇಕು, ಟಿಟ್ಟಿಭದ ಮರಿಗಳು ಏಳುವವರೆಗೆ ಯಂತ್ರ ಎಷ್ಟು ದಿನ ಕಾಯಬೇಕು.